ಆ ಎರಡು ರನ್ ಯಾರ ಲೆಕ್ಕಕ್ಕೆ?

ಕಳೆದ ಶನಿವಾರ ಬೇಸ್‌ಬಾಲ್ ಪಂದ್ಯದಲ್ಲಿ ನನ್ನ ಮಗ ನಾಲ್ಕು ಇನ್ನಿಂಗ್ಸ್ ಪಿಚ್ ಮಾಡಿದ. ಅವನ ತಂಡ 2-1ರಲ್ಲಿ ಸೋತಿತು. ಸಂಜೆ ಲೀಗಿನ ಪಟ್ಟಿ ಬಂದಾಗ ಅವನ ಹೆಸರಿನ ಮುಂದೆ ‘ಎಲ್’ ಅಂತ ಒಂದೇ ಒಂದು ಅಕ್ಷರ ಇತ್ತು. ಎಲ್ ಅಂದರೆ ಲಾಸ್, ಸೋಲು. ಹನ್ನೊಂದು ವರ್ಷದ ಹುಡುಗ. ಊಟದ ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಾ ಕೇಳಿದ: “ಸೋತಿದ್ದು ನಾವು ಎಲ್ಲರೂ ತಾನೆ ಅಮ್ಮಾ? ನನ್ನ ಹೆಸರಿಗೆ ಮಾತ್ರ ಯಾಕೆ ಬರೆದಿದ್ದಾರೆ?”

ಆ ತಂಡದ ಸ್ಕೋರರ್ ನಾನೇ. ಮೂರು ವರ್ಷದಿಂದ ನ್ಯೂಜೆರ್ಸಿಯ ಈ ಮೈದಾನದ ತಂತಿ ಬೇಲಿಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಸ್ಕೋರ್ ಪುಸ್ತಕ ಇಟ್ಟುಕೊಂಡು, ಪ್ರತಿ ಚೆಂಡನ್ನೂ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಈ ಚಟ ಅಪ್ಪನಿಂದ ಬಂದದ್ದು. ಅರಸೀಕೆರೆ ಜಂಕ್ಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ, ರಜೆ ಇದ್ದಾಗೆಲ್ಲ ರೇಡಿಯೋ ಪಕ್ಕ ಕೂತು ಟೆಸ್ಟ್ ಮ್ಯಾಚಿನ ಸ್ಕೋರನ್ನು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ವಿಕೆಟ್ ಬಿದ್ದರೆ ಕೆಂಪು ಪೆನ್ಸಿಲ್, ರನ್ನಿಗೆ ನೀಲಿ. ಹಾಗಾಗಿ ಮಗನ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕರ್ತವ್ಯ ಅನ್ನಿಸಿತು. ಆ ರಾತ್ರಿ ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಬರೆಯುತ್ತಿದ್ದೇನೆ. ಕ್ರಿಕೆಟ್ ಗೊತ್ತಿರುವ ಯಾರಿಗೂ ಇದು ಕಷ್ಟವಿಲ್ಲ.

ಬೇಸ್‌ಬಾಲಿನಲ್ಲಿ ಪಿಚರ್ ಅಂದರೆ ನಮ್ಮ ಬೌಲರ್. ವ್ಯತ್ಯಾಸ ಏನೆಂದರೆ, ಓವರಿಗೊಮ್ಮೆ ಬದಲಾಗುವುದಿಲ್ಲ. ಒಬ್ಬನೇ ಎಸೆಯುತ್ತಲೇ ಇರುತ್ತಾನೆ. ದೊಡ್ಡವರ ಆಟದಲ್ಲಿ ಒಂಬತ್ತು ಇನ್ನಿಂಗ್ಸ್, ಒಂದೊಂದಕ್ಕೂ ಮೂರು ಔಟ್. ಬ್ಯಾಟ್ ಹಿಡಿದವನು ಮೂರು ಬೇಸ್‌ಗಳನ್ನು ಸುತ್ತಿ ಮತ್ತೆ ಹೊಡೆದ ಜಾಗಕ್ಕೆ, ಅಂದರೆ ‘ಮನೆ’ಗೆ, ಬಂದರೆ ಒಂದು ರನ್. ಹಳೆಯ ಕಾಲದಲ್ಲಿ ಶುರು ಮಾಡಿದವನೇ ಮುಗಿಸುತ್ತಿದ್ದ. ಸೈ ಯಂಗ್ ತಾನು ಶುರು ಮಾಡಿದ 815 ಪಂದ್ಯಗಳಲ್ಲಿ 749ನ್ನು ತಾನೇ ಮುಗಿಸಿದವನು. ಅವನ 511 ಗೆಲುವಿನ ದಾಖಲೆಯನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಪಂದ್ಯವಿಡೀ ಒಬ್ಬನೇ ಎಸೆಯುವ ಆ ಕಾಲದಲ್ಲಿ ‘ಗೆಲುವು’, ‘ಸೋಲು’ ಅಂತ ಪಿಚರ್ ಹೆಸರಿಗೆ ಬರೆಯುವುದರಲ್ಲಿ ಒಂದು ಅರ್ಥ ಇತ್ತು. ಈಗ ಶುರು ಮಾಡಿದವನು ಐದಾರು ಇನ್ನಿಂಗ್ಸ್ ಎಸೆದು ಒಳಗೆ ಹೋಗುತ್ತಾನೆ, ಆಮೇಲೆ ಮೂರ್ನಾಲ್ಕು ಜನ ಬರುತ್ತಾರೆ. ಆದರೂ ಪ್ರತಿ ಪಂದ್ಯದಲ್ಲಿ ಒಬ್ಬನಿಗೆ ಡಬ್ಲ್ಯೂ, ಒಬ್ಬನಿಗೆ ಎಲ್ ಅಂಟಿಸುವ ಪದ್ಧತಿ ಉಳಿದುಬಿಟ್ಟಿದೆ. ಶುರು ಮಾಡಿದವನು ಕನಿಷ್ಠ ಐದು ಇನ್ನಿಂಗ್ಸ್ ಎಸೆದು, ತಂಡ ಮುಂದಿರುವಾಗ ಹೊರಗೆ ಬಂದು, ಆ ಮುನ್ನಡೆ ಕೊನೆಯವರೆಗೂ ಉಳಿದರೆ ಗೆಲುವು ಅವನದು. ಎದುರಾಳಿಗೆ ಕೊನೆಯವರೆಗೂ ಉಳಿಯುವ ಮುನ್ನಡೆ ತಂದುಕೊಟ್ಟ ರನ್ ಯಾರ ಲೆಕ್ಕದಲ್ಲಿದೆಯೋ, ಸೋಲು ಅವನದು. ತನ್ನ ತಂಡದವರು ಬ್ಯಾಟಿನಲ್ಲಿ ಏನು ಮಾಡಿದರು ಅನ್ನುವುದರ ಫಲವನ್ನೂ ಪಿಚರ್ರೇ ಉಣ್ಣಬೇಕು.

ಇದಕ್ಕಿಂತ ದೊಡ್ಡ ಅನ್ಯಾಯದ ಲೆಕ್ಕ ಆಟದಲ್ಲಿ ಇನ್ನೊಂದಿಲ್ಲ ಅಂತ ನಾನು ನಂಬಿದ್ದು 2018ರಲ್ಲಿ. ನ್ಯೂಯಾರ್ಕ್ ಮೆಟ್ಸ್ ತಂಡದ ಜೇಕಬ್ ಡಿಗ್ರಾಮ್ ಆ ವರ್ಷ 32 ಪಂದ್ಯ ಶುರು ಮಾಡಿದ, 217 ಇನ್ನಿಂಗ್ಸ್ ಎಸೆದ, 269 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. (ಬ್ಯಾಟ್ ಬೀಸಿ ತಪ್ಪಿದರೆ ಅಥವಾ ಸರಿಯಾದ ಚೆಂಡನ್ನು ಬಿಟ್ಟರೆ ಒಂದು ಸ್ಟ್ರೈಕ್, ಮೂರಾದರೆ ಔಟ್.) ಅವನ ಗೆಲುವು-ಸೋಲು? 10-9. ಸತತ 29 ಪಂದ್ಯಗಳಲ್ಲಿ ಅವನು ಮೂರಕ್ಕಿಂತ ಹೆಚ್ಚು ರನ್ ಕೊಡಲೇ ಇಲ್ಲ. ಆದರೆ ಅವನು ಎಸೆದ ದಿನವೇ ಮೆಟ್ಸ್ ಬ್ಯಾಟುಗಳು ನಿದ್ದೆ ಮಾಡುತ್ತಿದ್ದವು. ಸೆಪ್ಟೆಂಬರ್ 26ರ ರಾತ್ರಿ ಅವನ ಕೊನೆಯ ಪಂದ್ಯಕ್ಕೆ ನಾನು ಆಫೀಸಿನಿಂದ ಸೀದಾ ಪೆನ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಕ್ವೀನ್ಸ್‌ನ ಸಿಟಿ ಫೀಲ್ಡಿಗೆ ಹೋದೆ. ಅಟ್ಲಾಂಟಾ ವಿರುದ್ಧ ಎಂಟು ಇನ್ನಿಂಗ್ಸ್, ಎರಡೇ ಹಿಟ್ (ಹೊಡೆದು ಬೇಸ್ ಸೇರಿದ್ದು), ಹತ್ತು ಸ್ಟ್ರೈಕ್‌ಔಟ್, ರನ್ ಸೊನ್ನೆ. ಅವತ್ತು ಮೆಟ್ಸ್ 3-0 ಗೆದ್ದಿತು. ಹತ್ತನೆಯ ಗೆಲುವು ಬಂದದ್ದು ಹಾಗೆ. ಎರಡು ಸ್ಟ್ರೈಕ್ ಆದಾಗಲೆಲ್ಲ ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತಿತ್ತು. ಪ್ಲೇಆಫಿಗೆ ಹೋಗದ ತಂಡದ ಪಂದ್ಯಕ್ಕೆ, ವಾರದ ಮಧ್ಯದ ರಾತ್ರಿ, ಜನ ಬಂದಿದ್ದೇ ಒಬ್ಬ ಮನುಷ್ಯನಿಗೆ ನ್ಯಾಯ ಕೊಡೋಣ ಅಂತ. ಆಮೇಲೆ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ 30 ಮೊದಲ ಸ್ಥಾನದ ಮತಗಳಲ್ಲಿ 29 ಅವನಿಗೇ ಬಂದವು. 18 ಪಂದ್ಯ ಗೆದ್ದು 300 ಸ್ಟ್ರೈಕ್‌ಔಟ್ ಮಾಡಿದ್ದ ಮ್ಯಾಕ್ಸ್ ಷರ್ಜರ್‌ಗೆ ಬಂದದ್ದು ಒಂದು.

ಡಿಗ್ರಾಮ್‌ನನ್ನು ನೋಡುವಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು 1999ರ ಫೆಬ್ರವರಿ. ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ನಮ್ಮ ಜಾವಗಲ್ ಶ್ರೀನಾಥ್ ಮೊದಲ ಇನ್ನಿಂಗ್ಸಿನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8. ಒಟ್ಟು 132ಕ್ಕೆ 13. ಭಾರತ 46 ರನ್ನಿನಿಂದ ಸೋತಿತು. ಅಪ್ಪ ಆ ಪುಟದ ಕೆಳಗೆ 13ರ ಸುತ್ತ ಕೆಂಪು ಪೆನ್ಸಿಲ್ಲಿನಲ್ಲಿ ಎರಡು ಸುತ್ತು ಹಾಕಿ, ಪುಸ್ತಕ ಮುಚ್ಚಿ, ಹಿತ್ತಿಲಿಗೆ ಹೋಗಿ ತೆಂಗಿನ ಗಿಡಕ್ಕೆ ನೀರು ಬಿಡುತ್ತಾ ತುಂಬಾ ಹೊತ್ತು ನಿಂತಿದ್ದರು. ಕ್ರಿಕೆಟ್ಟಿನ ಲೆಕ್ಕ ಅಷ್ಟರಮಟ್ಟಿಗೆ ಒಳ್ಳೆಯದು: ಆ ಸೋಲನ್ನು ಶ್ರೀನಾಥ್ ಹೆಸರಿಗೆ ಯಾರೂ ಬರೆಯಲಿಲ್ಲ. ಬರೆದದ್ದು ಹದಿಮೂರು ವಿಕೆಟ್ ಮಾತ್ರ.

ಸರಿ, ಗೆಲುವು-ಸೋಲು ಬೇಡ ಅಂದರೆ ಏನು ನೋಡಬೇಕು? ಎಲ್ಲರೂ ಮೊದಲು ಹೇಳುವುದು ಇಆರ್‌ಎ. ಪಿಚರ್ ‘ಸಂಪಾದಿಸಿದ’ ರನ್ನುಗಳ ಸರಾಸರಿ. ಅವನ ತಪ್ಪಿನಿಂದಲೇ ಹೋದ ರನ್ನನ್ನು ಒಂಬತ್ತರಿಂದ ಗುಣಿಸಿ, ಎಸೆದ ಇನ್ನಿಂಗ್ಸಿನಿಂದ ಭಾಗಿಸಬೇಕು. ಡಿಗ್ರಾಮ್ ಕೊಟ್ಟದ್ದು 41. ಅದನ್ನು 9ರಿಂದ ಗುಣಿಸಿದರೆ 369, 217ರಿಂದ ಭಾಗಿಸಿದರೆ 1.70. ಅಂದರೆ ಪೂರ್ತಿ ಒಂದು ಪಂದ್ಯ ಎಸೆದರೆ ಎರಡು ರನ್ ಕೂಡ ಬಿಟ್ಟುಕೊಡುವುದಿಲ್ಲ. ಮಕ್ಕಳ ಲಿಟಲ್ ಲೀಗಿನಲ್ಲಿ ಪಂದ್ಯ ಆರೇ ಇನ್ನಿಂಗ್ಸ್, ಅದಕ್ಕೆ ನಾನು ಆರರಿಂದ ಗುಣಿಸುತ್ತೇನೆ. ಇನ್ನಿಂಗ್ಸನ್ನು 6.1, 6.2 ಅಂತ ಬರೆದಿದ್ದರೆ ಗಾಬರಿ ಬೇಡ, ನಮ್ಮಲ್ಲಿ 6.1 ಓವರ್ ಅಂದರೆ ಆರು ಓವರ್ ಒಂದು ಚೆಂಡು ಅನ್ನುವ ಹಾಗೆ, ಇಲ್ಲಿ ಆರು ಇನ್ನಿಂಗ್ಸ್ ಒಂದು ಔಟ್. ಭಾಗಿಸುವಾಗ ಅದು ಆರೂ ಮೂರನೇ ಒಂದು. ದಶಮಾಂಶ ಅಂದುಕೊಂಡರೆ ಉತ್ತರ ತಪ್ಪುತ್ತದೆ.

‘ಅವನ ತಪ್ಪಿನಿಂದ ಹೋದ ರನ್’ ಅಂದೆನಲ್ಲ, ಇಡೀ ಕಥೆ ಇರುವುದೇ ಅಲ್ಲಿ. ಶನಿವಾರದ ನಾಲ್ಕನೇ ಇನ್ನಿಂಗ್ಸನ್ನು ನನ್ನ ಪುಸ್ತಕದಿಂದಲೇ ಓದುತ್ತೇನೆ.

ನಾವು 1-0 ಮುಂದಿದ್ದೆವು. ಮೊದಲನೆಯವನು ನೆಲಕ್ಕೆ ಹೊಡೆದ, ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಹಿಡಿದು ಫಸ್ಟ್ ಬೇಸಿಗೆ ಎಸೆದ, ಔಟ್. ಪುಸ್ತಕದಲ್ಲಿ 6-3. (ಪ್ರತಿ ಜಾಗಕ್ಕೂ ಒಂದು ಸಂಖ್ಯೆ: ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಶಾರ್ಟ್‌ಸ್ಟಾಪ್ 6, ಹೀಗೆ.) ಎರಡನೆಯವನು ಸ್ಟ್ರೈಕ್‌ಔಟ್. ಅದಕ್ಕೆ ‘ಕೆ’ ಅಂತ ಬರೆಯುತ್ತೇವೆ. ಮೂರನೆಯವನು ಮತ್ತೆ ಶಾರ್ಟ್‌ಸ್ಟಾಪ್ ಕಡೆಗೇ ಹೊಡೆದ. ಸುಲಭದ ಚೆಂಡು. ಗ್ಲೌವ್ ಕೆಳಗಿನಿಂದ ನುಸುಳಿ ಹಿಂದಕ್ಕೆ ಹೋಯಿತು. ನಾನು ಬರೆದೆ: ಇ6. ಆರನೇ ಜಾಗದವನ ಎರರ್. ಅಲ್ಲಿಂದ ಮುಂದೆ ಎಡಗಡೆಗೆ ಒಂದು ಸಿಂಗಲ್, ಅಂದರೆ ಒಂದು ಬೇಸ್ ಸಿಗುವ ಹಿಟ್. ಆಮೇಲೆ ನಡುವೆ ಮತ್ತು ಬಲಕ್ಕೆ ನಿಂತವರ ಮಧ್ಯೆ ಬೇಲಿವರೆಗೂ ಉರುಳಿದ ಡಬಲ್ (ಎರಡು ಬೇಸಿನ ಹಿಟ್), ಇಬ್ಬರೂ ಮನೆ ಸೇರಿದರು. ಒಂದು ವಾಕ್ (ನಾಲ್ಕು ಚೆಂಡು ಆಚೆ ಹೋದರೆ ಬ್ಯಾಟ್ ಹಿಡಿದವನಿಗೆ ಫಸ್ಟ್ ಬೇಸ್ ಪುಕ್ಕಟೆ). ಕೊನೆಗೆ ಮತ್ತೊಂದು ‘ಕೆ’.

ಎರಡು ರನ್. ಅದರಲ್ಲಿ ಮಗನ ಇಆರ್‌ಎ ಲೆಕ್ಕಕ್ಕೆ ಎಷ್ಟು? ಸೊನ್ನೆ. ನಿಯಮ ಹೇಳುವುದು ಇಷ್ಟು: ಎರರ್ ಆಗಿರಲೇ ಇಲ್ಲ ಅಂದುಕೊಂಡು ಇನ್ನಿಂಗ್ಸನ್ನು ಮನಸ್ಸಿನಲ್ಲಿ ಮತ್ತೆ ಆಡಿಸಿ ನೋಡು. ಆ ಚೆಂಡನ್ನು ಹಿಡಿದಿದ್ದರೆ ಮೂರು ಔಟ್ ಆಗಿ ಇನ್ನಿಂಗ್ಸ್ ಅಲ್ಲೇ ಮುಗಿಯುತ್ತಿತ್ತು. ಹಾಗಾಗಿ ಆಮೇಲೆ ಬಂದದ್ದು ಯಾವುದೂ ಅವನ ಸಂಪಾದನೆಯಲ್ಲ. ಅವತ್ತಿನ ಅವನ ಇಆರ್‌ಎ 0.00, ಹೆಸರಿನ ಮುಂದೆ ಮಾತ್ರ ಎಲ್.

ಕ್ರಿಕೆಟ್ಟಿನಲ್ಲಿ ಈ ದಯೆ ಇಲ್ಲ. ಬೈ, ಲೆಗ್‌ಬೈ ಬೌಲರ್ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಸ್ಲಿಪ್ಪಿನಲ್ಲಿ ಕ್ಯಾಚ್ ಬಿಟ್ಟ ಮೇಲೆ ಅದೇ ಬ್ಯಾಟ್ಸ್‌ಮನ್ ಅವನ ಬೌಲಿಂಗಿನಲ್ಲಿ ನೂರು ಹೊಡೆದರೂ ಆ ನೂರೂ ಬೌಲರಿನದೇ. ಇಆರ್‌ಎ ಅನ್ನು ಮೊದಲು ಯೋಚಿಸಿದವನು ಕ್ರಿಕೆಟ್ ವರದಿಗಾರ ಅನ್ನುವುದು ನನಗೆ ಅದಕ್ಕೇ ತುಂಬಾ ಇಷ್ಟ. ಹೆನ್ರಿ ಚಾಡ್‌ವಿಕ್, ಇಂಗ್ಲೆಂಡಿನಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಬ್ರೂಕ್ಲಿನ್‌ಗೆ ಬಂದವನು. ನ್ಯೂಯಾರ್ಕ್ ಪತ್ರಿಕೆಗಳಿಗೆ ಕ್ರಿಕೆಟ್ ಬರೆಯುತ್ತಿದ್ದ. 1856ರಲ್ಲಿ ನಮ್ಮ ನ್ಯೂಜೆರ್ಸಿಯ ಹೊಬೊಕೆನ್‌ನಲ್ಲಿ ಒಂದು ಬೇಸ್‌ಬಾಲ್ ಪಂದ್ಯ ನೋಡಿ ಈ ಆಟಕ್ಕೆ ಮರುಳಾದ. ಪತ್ರಿಕೆಯಲ್ಲಿ ಬರುವ ಬಾಕ್ಸ್ ಸ್ಕೋರನ್ನು ರೂಪಿಸಿದ್ದೂ, ಸ್ಟ್ರೈಕ್‌ಔಟಿಗೆ ‘ಕೆ’ ಅಂತ ಇಟ್ಟದ್ದೂ ಅವನೇ. ‘ಸ್ಟ್ರಕ್’ ಅನ್ನುವ ಪದದ ಕೊನೆಯ ಅಕ್ಷರ ಅದು. ನಾನು ಶನಿವಾರ ಬರೆದ ಆರು ‘ಕೆ’ಗಳೂ ಅವನ ಕೈಯಿಂದ ಬಂದವು. ಅಮೆರಿಕದ ಎರಡು ದೊಡ್ಡ ಲೀಗುಗಳಲ್ಲಿ ಒಂದಾದ ನ್ಯಾಷನಲ್ ಲೀಗ್ ಇಆರ್‌ಎಯನ್ನು ಅಧಿಕೃತ ಮಾಡಿದ್ದು 1912ರಲ್ಲಿ, ಅವನು ತೀರಿಕೊಂಡ ಮೇಲೆ.

ಆದರೆ ಆ ರಾತ್ರಿ ಮಗ ಸೊನ್ನೆ ನೋಡಿ ಕುಣಿದಾಗ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಎರರ್ ಆದ ಮೇಲೆ ಸಿಂಗಲ್ ಕೊಟ್ಟವನು ಯಾರು? ಡಬಲ್ ಕೊಟ್ಟವನು? ಇಆರ್‌ಎ ಅವೆಲ್ಲವನ್ನೂ ಒಂದೇ ಏಟಿಗೆ ಮಾಫಿ ಮಾಡಿಬಿಟ್ಟಿತು. ಅದಕ್ಕೆ ವಿಪ್ ತೋರಿಸಿದೆ. ಒಂದು ಇನ್ನಿಂಗ್ಸಿಗೆ ಎಷ್ಟು ಜನರನ್ನು ಹಿಟ್ಟಿನಿಂದಲೋ ವಾಕಿನಿಂದಲೋ ಬೇಸಿಗೆ ಬಿಟ್ಟೆ ಅನ್ನುವ ಲೆಕ್ಕ. 1979ರಲ್ಲಿ ಡೇನಿಯಲ್ ಒಕ್ರೆಂಟ್ ಅನ್ನುವ ಬರಹಗಾರ ಮಾಡಿದ್ದು. ಮಗ ಕೊಟ್ಟದ್ದು ನಾಲ್ಕು ಹಿಟ್, ಎರಡು ವಾಕ್. ಆರನ್ನು ನಾಲ್ಕು ಇನ್ನಿಂಗ್ಸಿನಿಂದ ಭಾಗಿಸಿದರೆ 1.50. ಡಿಗ್ರಾಮ್‌ನದು ಆ ವರ್ಷ 0.91. ದೊಡ್ಡವರ ಲೀಗಿನಲ್ಲಿ ಒಂದರ ಕೆಳಗೆ ಇದ್ದರೆ ಅದ್ಭುತ, 1.50 ಅಂದರೆ ಕೋಚ್ ಚಿಂತೆ ಮಾಡುವ ಹಾಗೆ. ಮಗನ ಮುಖ ಸ್ವಲ್ಪ ಇಳಿಯಿತು. ಆದರೂ ಹೇಳಬೇಕಿತ್ತು, ಅದೂ ಸತ್ಯವೇ ತಾನೆ. ವಿಪ್‌ಗೂ ಒಂದು ಕುರುಡು ಇದೆ: ಒಂದು ವಾಕ್, ಒಂದು ಹೋಮ್‌ರನ್ (ನಮ್ಮ ಸಿಕ್ಸರಿನ ಹಾಗೆ), ಎರಡೂ ಅದಕ್ಕೆ ಒಂದೇ ತೂಕ.

ಇಆರ್‌ಎಗೆ ಇನ್ನೂ ಒಂದು ತೊಂದರೆ ಇದೆ. ಬೇಸಿನ ಮೇಲೆ ಇಬ್ಬರನ್ನು ಬಿಟ್ಟು ಒಬ್ಬ ಪಿಚರ್ ಒಳಗೆ ಹೋದ ಅಂದುಕೊಳ್ಳಿ. ಆಮೇಲೆ ಬಂದವನ ಚೆಂಡಿಗೆ ಆ ಇಬ್ಬರೂ ಓಡಿ ಮನೆ ಸೇರಿದರೆ ರನ್ ಮೊದಲಿನವನದೇ. ಹಾಗಾಗಿ ಮಧ್ಯದಲ್ಲಿ ಬರುವ ರಿಲೀವರ್‌ಗಳ ಇಆರ್‌ಎಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅವರಿಗೆ 1969ರಿಂದ ಅಧಿಕೃತವಾಗಿರುವ ‘ಸೇವ್’ ಅನ್ನುವ ಲೆಕ್ಕವನ್ನೂ ಅಷ್ಟೇ. ಮೂರು ರನ್ ಮುಂದಿದ್ದಾಗ ಕೊನೆಯ ಒಂದು ಇನ್ನಿಂಗ್ಸ್ ಎಸೆದು ಪಂದ್ಯ ಉಳಿಸಿಕೊಂಡರೂ ಸೇವ್ ಸಿಗುತ್ತದೆ.

ಎರರ್ ಅನ್ನುವುದು ಕೈಗೆ ಬಂದ ಚೆಂಡು ಬಿಟ್ಟವನ ಮೇಲೋ ತಪ್ಪಾಗಿ ಎಸೆದವನ ಮೇಲೋ ಬೀಳುತ್ತದೆ. ಚೆಂಡಿನ ಹತ್ತಿರಕ್ಕೇ ಹೋಗಲಾಗದ ನಿಧಾನದ ಫೀಲ್ಡರ್ ಮೇಲೆ ಏನೂ ಬೀಳುವುದಿಲ್ಲ. ಅದು ಹಿಟ್ ಆಗುತ್ತದೆ, ಪಿಚರ್ ತಲೆಗೆ ಬರುತ್ತದೆ. 2001ರಲ್ಲಿ ವೋರೋಸ್ ಮೆಕ್‌ಕ್ರಾಕನ್ ಅನ್ನುವವರು ಇದನ್ನೇ ಹಿಡಿದು ಒಂದು ಮಾತು ಹೇಳಿದರು, ಆಗ ಯಾರೂ ನಂಬಲಿಲ್ಲ: ಬ್ಯಾಟಿಗೆ ತಾಕಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತದೋ ಇಲ್ಲವೋ ಅನ್ನುವುದರಲ್ಲಿ ಪಿಚರ್‌ಗಳ ನಡುವಿನ ವ್ಯತ್ಯಾಸ ಬಹಳ ಕಡಿಮೆ. ಸಾಮಾನ್ಯವಾಗಿ ಅಂಥ ನೂರು ಚೆಂಡಿನಲ್ಲಿ ಮೂವತ್ತರಷ್ಟು ಹಿಟ್ ಆಗುತ್ತವೆ. ಪಿಚರ್ ಕೈಯಲ್ಲಿ ನಿಜವಾಗಿ ಇರುವುದು ಸ್ಟ್ರೈಕ್‌ಔಟ್, ವಾಕ್, ಹೋಮ್‌ರನ್.

ಅದರಿಂದ ಹುಟ್ಟಿದ್ದು ಫಿಪ್. ಹೋಮ್‌ರನ್ನನ್ನು 13ರಿಂದ ಗುಣಿಸು, ವಾಕ್ ಮತ್ತು ಮೈಗೆ ತಾಗಿಸಿದ್ದನ್ನು 3ರಿಂದ ಗುಣಿಸಿ ಕೂಡು, ಸ್ಟ್ರೈಕ್‌ಔಟನ್ನು 2ರಿಂದ ಗುಣಿಸಿ ಕಳೆ, ಇನ್ನಿಂಗ್ಸಿನಿಂದ ಭಾಗಿಸು. ಕೊನೆಗೆ ಇಆರ್‌ಎ ಹಾಗೆ ಕಾಣಲಿ ಅಂತ ಮೂರರ ಆಸುಪಾಸಿನ ಒಂದು ಸ್ಥಿರ ಸಂಖ್ಯೆ ಸೇರಿಸು. ಮೈದಾನದಲ್ಲಿ ನಿಂತ ಉಳಿದವರ ಗ್ಲೌವ್ ಇದರಲ್ಲಿ ಎಲ್ಲೂ ಇಲ್ಲ.

ಇದು ಏನು ಮಾಡುತ್ತದೆ ಅಂತ ನೋಡಲು ಪೆಡ್ರೋ ಮಾರ್ಟಿನೆಜ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬಾಸ್ಟನ್ ರೆಡ್ ಸಾಕ್ಸ್‌ನಲ್ಲಿ ಅವನ ಎರಡು ವರ್ಷಗಳು, 1999 ಮತ್ತು 2000. ಮೊದಲ ವರ್ಷ ಇಆರ್‌ಎ 2.07, ಎರಡನೆಯ ವರ್ಷ 1.74. ಆ ಎರಡನೆಯ ವರ್ಷ ಅಮೆರಿಕನ್ ಲೀಗಿನ ಸರಾಸರಿಯೇ 4.91, ಅವನ ನಂತರದ ಸ್ಥಾನದಲ್ಲಿದ್ದ ರೋಜರ್ ಕ್ಲೆಮೆನ್ಸ್ 3.70. ವಿಪ್ 0.737. ಈ ಆಟದ ಎಲ್ಲಾ ಕಾಲದ ಅತ್ಯುತ್ತಮ ವರ್ಷ ಅಂತ ಜನ ಹೇಳುವುದು ಇದನ್ನೇ. ಲೀಗನ್ನೂ ಮೈದಾನವನ್ನೂ ಸರಿದೂಗಿಸಿ, ಸರಾಸರಿಯವನಿಗೆ 100 ಇಟ್ಟು ಅಳೆಯುವ ‘ಇಆರ್‌ಎ ಪ್ಲಸ್’ನಲ್ಲಿ ಅವನದು 291. ಬಾಬ್ ಗಿಬ್ಸನ್ 1968ರಲ್ಲಿ 1.12 ಇಆರ್‌ಎ ಮಾಡಿದವನು, ಅವನದು 258. ಗಿಬ್ಸನ್ ಕಾಲದಲ್ಲಿ ರನ್ ಹುಟ್ಟುವುದೇ ಕಷ್ಟವಿತ್ತು. ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10ಕ್ಕೆ ಇಳಿಸಿದ್ದು ಅದಕ್ಕೇ.

ಆದರೆ 1999ರ ಪೆಡ್ರೋವನ್ನು ಒಳಗಿನಿಂದ ನೋಡಿ. 313 ಸ್ಟ್ರೈಕ್‌ಔಟ್, ಒಂಬತ್ತೇ ಹೋಮ್‌ರನ್. 2000ದಲ್ಲಿ 284, ಹೋಮ್‌ರನ್ 17. ಕೈ ಬಿಗಿಯಾಗಿದ್ದದ್ದು ಮೊದಲ ವರ್ಷ. ಆದರೆ ಆ ವರ್ಷ ಮೈದಾನದೊಳಗೆ ಬಿದ್ದ ನೂರು ಚೆಂಡಿನಲ್ಲಿ 32ರಷ್ಟು ಹಿಟ್ ಆದವು, ಮರುವರ್ಷ 24 ಕೂಡ ಆಗಲಿಲ್ಲ. ಅದೇ ಮನುಷ್ಯ, ಅದೇ ಮೈದಾನ. ಫಿಪ್ ಕೇಳಿದರೆ ಅದು 1999ರ ಕಡೆಗೇ ಕೈ ತೋರಿಸುತ್ತದೆ: 1.39. 2000ದ್ದು 2.17. ಪೆಡ್ರೋ ಎಸೆದ ಶ್ರೇಷ್ಠ ವರ್ಷ ಯಾವುದು ಅಂದರೆ ನಾನೂ 1999 ಅನ್ನುತ್ತೇನೆ, ಗಟ್ಟಿಯಾಗಿ. ಹಾಗಂತ ಫಿಪ್ ಮುಂದೆ ಕೈ ಮುಗಿದು ನಿಲ್ಲುವವಳಲ್ಲ. ಬ್ಯಾಟಿನ ತುದಿಗೆ ತಾಗುವ ಹಾಗೆ ಎಸೆದು ಮೆತ್ತಗೆ ಹೊಡೆಸುವುದೂ ಒಂದು ವಿದ್ಯೆ, ಅದಕ್ಕೆ ಫಿಪ್‌ನಲ್ಲಿ ಬೆಲೆ ಇಲ್ಲ.

ಇಷ್ಟೂ ಲೆಕ್ಕಗಳನ್ನು ವರ್ಷಗಟ್ಟಲೆ ಬರೆದ ಮೇಲೆ ನನಗೆ ಕಾಣುವುದು ಒಂದೇ ಪ್ರಶ್ನೆ: ಮೈದಾನದಲ್ಲಿ ಆದದ್ದನ್ನು ಯಾರ ಹೆಸರಿಗೆ ಬರೆಯಬೇಕು? ಗೆಲುವು-ಸೋಲು ಎಲ್ಲವನ್ನೂ ಪಿಚರ್ ತಲೆಗೆ ಕಟ್ಟುತ್ತದೆ. ಇಆರ್‌ಎ ಅದರಲ್ಲಿ ಬೇರೆಯವರು ಕೈಬಿಟ್ಟದ್ದನ್ನು ಕಳೆಯುತ್ತದೆ. ಫಿಪ್ ಬೇರೆಯವರನ್ನೇ ಕಳೆದುಬಿಡುತ್ತದೆ. ರನ್ ಹೋದ ಮೇಲೂ ಇಆರ್‌ಎಯಲ್ಲಿ ಸೊನ್ನೆ ಬರಬೇಕಾದರೆ ಸಾಮಾನ್ಯವಾಗಿ ಸ್ಕೋರರ್ ಇನ್ನೊಬ್ಬರ ಮುಂದೆ ‘ಇ’ ಬರೆದಿರಬೇಕು. ಶನಿವಾರ ಅದನ್ನು ಬರೆದದ್ದು ನನ್ನ ಕೈ. ಬರೆದದ್ದು ನನ್ನ ಮಗನ ಪರವಾಗಿ. ಬರೆಯುವಾಗ ಪೆನ್ಸಿಲ್ ಒಂದು ಕ್ಷಣ ನಿಂತಿತ್ತು. ಅದು ನನ್ನ ಮಗನಲ್ಲದೆ ಬೇರೆ ಯಾರು ಎಸೆದಿದ್ದರೂ ಎರರ್ ಅನ್ನುತ್ತಿದ್ದೆನಾ ಅಂತ ಕೇಳಿಕೊಂಡೆ. ಹೌದು, ಅನ್ನುತ್ತಿದ್ದೆ. ನೇರ ಗ್ಲೌವಿಗೆ ಬಂದ ಚೆಂಡು ಅದು.

ಬುಧವಾರ ಅಭ್ಯಾಸದ ದಿನ ಆ ಶಾರ್ಟ್‌ಸ್ಟಾಪ್ ಹುಡುಗ ಬೇಲಿಯ ಹತ್ತಿರ ಬಂದು ನಿಂತ. ಪುಸ್ತಕ ನೋಡಬಹುದಾ ಅಂದ. ಶನಿವಾರದ ಪುಟ ತೆಗೆದು ಕೊಟ್ಟೆ. ಬೆರಳಿಟ್ಟು ಹುಡುಕಿ, “ಇ6 ಅಂದರೆ ನಾನಾ?” ಅಂತ ಕೇಳಿದ. ಹೌದು ಅಂದೆ. ಸುಮ್ಮನೆ ನಿಂತ. ಆಮೇಲೆ ಅದೇ ಪುಟದಲ್ಲಿ 6-3 ಅಂತ ಬರೆದ ಚೌಕಗಳನ್ನು ಒಂದೊಂದಾಗಿ ತೋರಿಸಿದೆ. ಮೊದಲ ಇನ್ನಿಂಗ್ಸಿನಲ್ಲಿ ಒಂದು, ಮೂರನೆಯದರಲ್ಲಿ ಒಂದು, ನಾಲ್ಕರಲ್ಲಿ, ಆ ಎರರಿಗೆ ಎರಡು ಚೌಕ ಮೊದಲು, ಇನ್ನೊಂದು.

“ಇವು ಎಲ್ಲಿ ಸೇರುತ್ತವೆ?” ಅಂದ.

ಪಿಚರ್ ಸಾಲಿನಲ್ಲಿ ‘ಇನ್ನಿಂಗ್ಸ್ 4.0’ ಅಂತ ಬರೆದಿದ್ದೆನಲ್ಲ, ಅದನ್ನು ತೋರಿಸಿದೆ. ನಾಲ್ಕು ಇನ್ನಿಂಗ್ಸ್ ಅಂದರೆ ಹನ್ನೆರಡು ಔಟ್. ಅದರಲ್ಲಿ ಮೂರು ಇವನವು, ನನ್ನ ಮಗನ ಹೆಸರಿನ ಕೆಳಗೆ ಕೂತಿವೆ. ಅವನು ಆ 4.0ನ್ನು ಸ್ವಲ್ಪ ಹೊತ್ತು ನೋಡಿ, ಪುಸ್ತಕ ವಾಪಸ್ ಕೊಟ್ಟು, ಗ್ಲೌವ್ ಹಾಕಿಕೊಂಡು ತನ್ನ ಜಾಗಕ್ಕೆ ಓಡಿದ.